ರಂಗಿಯ ಉಗುರು ಮತ್ತು ಅವ್ವನ ಕೌದಿ

ದಿನಾ ರಾತ್ರಿ ಒಂಬತ್ತಕ್ಕೆ ನಾನು ಅವ್ವನಿಗೆ ಫೋನ್ ಮಾಡುತ್ತೇನೆ. ನಾನು ಬೆಂಗಳೂರಿನಲ್ಲಿ, ಅವ್ವ ಹೂವಿನ ಹಿಪ್ಪರಗಿಯಲ್ಲಿ. ಅಪ್ಪ ಹೋದ ಮೇಲೆ ಇಲ್ಲಿಗೇ ಬಂದುಬಿಡು ಅಂತ ಎಷ್ಟು ಕರೆದರೂ "ಅಲ್ಲಿ ಬಂದು ಬಾಗಲಾ ಹಾಕ್ಕೊಂಡು ಕುಂದರ್ಲೇನು?" ಅಂತ ಒಂದೇ ಉತ್ತರ. ಹಾಗಾಗಿ ಈ ಒಂಬತ್ತರ ಫೋನು. ಊಟ ಆಯ್ತಾ, ಸಕ್ಕರೆ ಗುಳಿಗೆ ತಗೊಂಡ್ಯಾ, ಕರೆಂಟ್ ಐತೇನು... ಇಷ್ಟೇ ಮಾತು.

ಕಳೆದ ವರ್ಷ ಚಳಿಗಾಲದಲ್ಲಿ ಒಂದು ರಾತ್ರಿ ಫೋನ್ ಎತ್ತಿದವಳೇ "ಹಾ..." ಅಂದಳು. ನೋವಾದಾಗ ಬರುವ "ಹಾ".

"ಏನಾತವ್ವಾ?"

"ಏನಿಲ್ಲೋ ಯಪ್ಪಾ. ರಂಗಿ ಒಂದೀಟು ಪರಚೇತಿ. ಇದೇನು ಹೊಸಾದಲ್ಲ ಬಿಡು."

ಹೊಸದಲ್ಲ ಅಂದರೆ? ಕೆದಕಿ ಕೆದಕಿ ಕೇಳಿದೆ. ಕೈ ತುಂಬಾ ಗೀರು, ಎರಡು ದಿನದ ಹಿಂದೆ ಆದದ್ದೊಂದು ಕೆಂಪಗೆ ಬಾತಿದೆ, ಸುಣ್ಣ ಅರಿಸಿನ ಹಚ್ಚಿದ್ದೇನೆ ಅಂದಳು. ಅವ್ವನಿಗೆ ಸಕ್ಕರೆ ಕಾಯಿಲೆ. ಕಾಲಿಗೆ ಒಂದು ಮುಳ್ಳು ಚುಚ್ಚಿದರೂ ತಿಂಗಳು ಬೇಕು ಮಾಯಲಿಕ್ಕೆ. ನನಗೆ ತಲೆ ಕೆಟ್ಟುಹೋಯಿತು. "ನಾಳೆನೇ ಆ ಬೆಕ್ಕನ್ನ ಎಲ್ಲರ ಬಿಟ್ಟು ಬಾ ಅಂತ ಕಾಕಾಗ ಹೇಳ್ತೀನಿ" ಅಂತ ಕೂಗಾಡಿದೆ.

ಆ ಕಡೆಯಿಂದ ಸದ್ದೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ "ಊಟಾ ಮಾಡು ಹೋಗು" ಅಂತ ಫೋನ್ ಇಟ್ಟಳು.

ಅವ್ವ ಹೀಗೆ ಫೋನ್ ಇಟ್ಟದ್ದು ಕಡಿಮೆ. ಮರುದಿನ ಆಫೀಸಿನಲ್ಲಿ ಹತ್ತು ದಿನ ಊರಿನಿಂದಲೇ ಕೆಲಸ ಮಾಡುತ್ತೇನೆ ಅಂತ ಹೇಳಿ ರಾತ್ರಿ ಬಸ್ಸು ಹತ್ತಿದೆ.

ಅಂದ ಹಾಗೆ, ನಮ್ಮ ಊರಿನ ಹೆಸರು ಕೇಳಿದವರೆಲ್ಲ ಎರಡು ತಪ್ಪು ಮಾಡುತ್ತಾರೆ. ಒಂದು, ದೇವರ ಹಿಪ್ಪರಗಿ ಅಂದುಕೊಳ್ಳುತ್ತಾರೆ. ಅಲ್ಲ, ಅದು ಬೇರೆ. ಜಮಖಂಡಿ ಕಡೆ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಹಿಪ್ಪರಗಿ ಇನ್ನೂ ಬೇರೆ. ಎರಡನೆಯದು, ಹೂವಿನ ತೋಟಗಳ ಊರು ಅಂದುಕೊಳ್ಳುತ್ತಾರೆ. ನಮ್ಮದು ಎರೆಭೂಮಿ ಸ್ವಾಮಿ. ಬಿಳಿಜೋಳ, ಕಡಲೆ, ತೊಗರಿ. ಹೂವು ಬೇಕಾದರೆ ಕುಸುಬಿ ಹೂವು ನೋಡಬಹುದು, ಅದಕ್ಕೂ ಮುಳ್ಳು!

ಈ ಜೋಳಕ್ಕೂ ರಂಗಿಗೂ ಸಂಬಂಧ ಇದೆ, ಅದಕ್ಕೇ ಹೇಳಿದೆ. ಅಪ್ಪ ಹೋದ ವರ್ಷ ಸುಗ್ಗಿಯ ಜೋಳದ ಚೀಲಗಳು ಪಡಸಾಲೆಯಲ್ಲಿ ಹಾಗೇ ಕೂತಿದ್ದವು. ಇಲಿಗಳಿಗೆ ಹಬ್ಬ. ಚೀಲದ ತಳ ಕೊರೆದು, ಕಾಳು ಚೆಲ್ಲಿ, ಕೊನೆಗೆ ಅವ್ವನ ಟ್ರಂಕಿನ ಮೂಲೆಗೂ ಕೈ ಹಾಕಿದವು. ಆಗ ಕಾಕಾನೇ ಎಲ್ಲಿಂದಲೋ ಒಂದು ಮರಿ ತಂದುಕೊಟ್ಟ. ಬಿಳಿ, ಕಪ್ಪು, ಕೆಂಪು ಮೂರೂ ಬಣ್ಣ. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಆಗಿರುತ್ತದೆ, ನಿಮಗೆ ಗೊತ್ತಿತ್ತೋ ಇಲ್ಲವೋ. ಅವ್ವ ರಂಗಿ ಅಂತ ಹೆಸರಿಟ್ಟಳು. ಆರು ತಿಂಗಳಲ್ಲಿ ಇಲಿ ಕಾಟ ನಿಂತಿತು. ರಂಗಿ ಚೀಲದಿಂದ ಇಳಿದು ಅವ್ವನ ತೊಡೆಗೆ ಬಂದಳು.

ಬೆಳಗ್ಗೆ ಮನೆ ಮುಟ್ಟಿದಾಗ ಕಾಕಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಪಕ್ಕದಲ್ಲಿ ಖಾಲಿ ಗೋಣಿಚೀಲ, ಅದರ ಬಾಯಿ ಕಟ್ಟಲು ಹಗ್ಗ! "ತಾಳಿಕೋಟಿ ಕಡೆ ಹೊಂಟೀನಿ. ದಾರ್ಯಾಗ ಬಿಟ್ಟ ಬರ್ತೀನಿ. ನೀನ ಅಂದಿ ಅಂತಲ್ಲ?" ಅಂದ. ಹೌದು, ನಾನೇ ಅಂದಿದ್ದೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಹೊರಗೆ ಬರಲಿಲ್ಲ.

ಮೊದಲು ಅವ್ವನ ಕೈ ನೋಡೋಣ ಅಂತ ದವಾಖಾನೆಗೆ ಕರೆದುಕೊಂಡು ಹೋದೆ. ಸುಣ್ಣ ಅರಿಸಿನ ತೊಳೆಸಿದ ಡಾಕ್ಟರು "ಇದು ನಂಜಿನ ಮಾತಷ್ಟೇ ಅಲ್ಲ, ಬೆಕ್ಕಿಗೆ ರೇಬಿಸ್ ಲಸಿಕೆ ಹಾಕಿಸೀರೇನು?" ಅಂತ ಕೇಳಿದರು. ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ನಮ್ಮ ಲೆಕ್ಕದಲ್ಲಿ ರೇಬಿಸ್ ಅಂದರೆ ನಾಯಿ, ನಾಯಿ ಅಂದರೆ ಕಡಿತ. ಬೆಕ್ಕು ಪರಚಿದರೆ ಯಾರು ದವಾಖಾನೆಗೆ ಹೋಗುತ್ತಾರೆ? ಆದರೆ ಊರೆಲ್ಲ ಓಡಾಡುವ, ಲಸಿಕೆ ಇಲ್ಲದ ಬೆಕ್ಕು ರಕ್ತ ಬರುವಂತೆ ಪರಚಿದರೆ ಅದನ್ನೂ ನಾಯಿ ಕಡಿತದ ಹಾಗೇ ನೋಡಬೇಕಂತೆ. ಪರಚಿದ ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಖಾರದಪುಡಿ ಯಾವುದನ್ನೂ ಮೆತ್ತಬಾರದು. ಆಮೇಲೆ ತಡ ಮಾಡದೆ ಇಂಜೆಕ್ಷನ್. ಅವ್ವನಿಗೆ ಅವತ್ತೊಂದು, ನಂತರ 3, 7, 28ನೇ ದಿನಕ್ಕೆ ಒಂದೊಂದು. ರಕ್ತ ಬಂದ ಗಾಯ ಆದ್ದರಿಂದ ಗಾಯದ ಸುತ್ತ ಸೀರಮ್ ಬೇರೆ. ಎರಡು ದಿನ ತಡವಾದರೂ ಬಂದದ್ದು ಒಳ್ಳೆಯದಾಯಿತು ಅಂದರು.

ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಇಂಜೆಕ್ಷನ್ ಬಿಡಬ್ಯಾಡ್ರಿ. ಬೆಕ್ಕನ್ನೂ ಬಿಡಬ್ಯಾಡ್ರಿ. ಹತ್ತು ದಿನ ಕಣ್ಣ ಮುಂದ ಇಟ್ಕೊಂಡು ನೋಡ್ರಿ, ಆರಾಮ ಇರತೈತೋ ಇಲ್ಲೋ ಅಂತ."

ಅವ್ವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮನೆಗೆ ಬಂದವಳೇ ಕಾಕಾನಿಗೆ "ಡಾಕ್ಟರ ಹೇಳ್ಯಾರ, ಹತ್ತ ದಿನಾ ಬಿಡಂಗಿಲ್ಲಂತ" ಅಂತ ಚೀಲ ಮಡಚಿ ಒಳಗಿಟ್ಟಳು. ಕಾಕಾ ಗೊಣಗುತ್ತಾ ಹೋದ.

ಹತ್ತು ದಿನ ಸಿಕ್ಕಿತು. ಲ್ಯಾಪ್‌ಟಾಪ್ ಪಡಸಾಲೆಯಲ್ಲಿ ಹಾಕಿಕೊಂಡು ಕುಳಿತೆ. ಒಂದು ಕಣ್ಣು ಆಫೀಸಿನ ಮೇಲೆ, ಒಂದು ಕಣ್ಣು ರಂಗಿಯ ಮೇಲೆ.

ಮೊದಲ ಎರಡು ದಿನದಲ್ಲೇ ಒಂದು ವಿಷಯ ಗೊತ್ತಾಯಿತು. "ಬೆಕ್ಕು ಪರಚುತ್ತೆ" ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವಲ್ಲ, ಅದು ಒಂದಲ್ಲ, ಮೂರು ಬೇರೆ ಬೇರೆ ಕೆಲಸ.

ಒಂದು, ಕೆರೆಯುವುದು. ಬೆಳಗ್ಗೆ ನಿದ್ದೆಯಿಂದ ಎದ್ದ ಕೂಡಲೇ ಪಡಸಾಲೆಯ ಬೇವಿನ ಕಂಬಕ್ಕೆ ಎರಡೂ ಮುಂಗಾಲು ಮೇಲೆ ಚಾಚಿ, ಬೆನ್ನು ಸೆಟೆಸಿ, ಪರ್ ಪರ್ ಅಂತ ಎಳೆಯುವುದು. ಇದು ಸಿಟ್ಟಲ್ಲ, ಹಟವೂ ಅಲ್ಲ. ಉಗುರಿನ ಮೇಲಿನ ಹಳೆ ಪೊರೆ ಹೀಗೆ ಕಳಚುತ್ತದೆ. ಕಂಬದ ಬುಡದಲ್ಲಿ ನೋಡಿದರೆ ಚಂದ್ರನ ಚೂರಿನಂಥ ತೆಳ್ಳನೆ ಸಿಪ್ಪೆಗಳು ಬಿದ್ದಿದ್ದವು. ಮೈ ಮುರಿದ ಹಾಗೂ ಆಯಿತು, ಪಾದದ ವಾಸನೆ ಹತ್ತಿಸಿ "ಇದು ನನ್ನ ಮನೆ" ಅಂತ ಸಹಿ ಹಾಕಿದ ಹಾಗೂ ಆಯಿತು. ಇದನ್ನು ಬಿಡಿಸಲಿಕ್ಕೆ ಆಗುವುದಿಲ್ಲ, ಬೇರೆ ಜಾಗ ತೋರಿಸಬಹುದು ಅಷ್ಟೇ.

ಎರಡು, ನಾದುವುದು. ರಾತ್ರಿ ಊಟ ಮುಗಿಸಿ ಅವ್ವ ಕೌದಿ ಹೊದ್ದು ಕುಂತಳೆಂದರೆ ರಂಗಿ ತೊಡೆ ಏರುತ್ತಾಳೆ. ಕಣ್ಣು ಅರೆ ಮುಚ್ಚಿ, ಗುರ್ ಗುರ್ ಅನ್ನುತ್ತಾ, ಎಡಗಾಲು ಬಲಗಾಲು ಎಡಗಾಲು ಬಲಗಾಲು... "ನೋಡ ನೋಡ, ಹಿಟ್ಟ ನಾದಾಕತ್ತೇತಿ. ಇನ್ನ ರೊಟ್ಟಿ ಬಡಿಯೂದೊಂದ ಬಾಕಿ" ಅಂತ ಅವ್ವ ನಗುತ್ತಾಳೆ. ಮರಿಯಾಗಿದ್ದಾಗ ತಾಯಿಯ ಹೊಟ್ಟೆಯನ್ನು ಹೀಗೆ ಒತ್ತಿದರೆ ಹಾಲು ಇಳಿಯುತ್ತದೆ. ದೊಡ್ಡದಾದ ಮೇಲೂ ಬೆಚ್ಚಗೆ, ಮೆತ್ತಗೆ, ಭಯವಿಲ್ಲದ ಜಾಗ ಸಿಕ್ಕರೆ ಕಾಲು ತಾನಾಗೇ ನಾದುತ್ತದೆ. ಒತ್ತುವಾಗ ಉಗುರು ಹೊರಗೆ ಬಂದು ಹೋಗುತ್ತದೆ. ಅದರ ಗುರುತು ಅವ್ವನ ತೊಡೆ ಮೇಲೆ, ಮುಂಗೈ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಚುಕ್ಕಿ.

ಆದರೆ ಬಾತಿದ್ದ ಗಾಯ ಚುಕ್ಕಿ ಅಲ್ಲ. ಮೊಣಕೈಯಿಂದ ಮಣಿಕಟ್ಟಿನ ತನಕ ಉದ್ದ ಗೀರು. ಅಂಥ ಹಳೆ ಗೀರುಗಳು ಇನ್ನೂ ನಾಲ್ಕೈದು ಇದ್ದವು. ನಾದುವ ಕಾಲು ಹೀಗೆ ಎಳೆಯುವುದಿಲ್ಲ. ಇದು ಮೂರನೆಯದು, ಹೆದರಿ ಓಡುವಾಗ ಕಾಲು ಊರಿದ್ದು. ಯಾತಕ್ಕೆ ಹೆದರುತ್ತಿತ್ತು?

ಮೂರನೇ ರಾತ್ರಿ ಉತ್ತರ ಸಿಕ್ಕಿತು. ಅವ್ವ ಕುಂತಿದ್ದಳು, ರಂಗಿ ನಾದುತ್ತಿದ್ದಳು, ನಾನು ಅಂಗಳದಲ್ಲಿದ್ದೆ. ಧಾರವಾಡದಿಂದ ಅಕ್ಕ ಫೋನ್ ಮಾಡಿದಳು. ಅವ್ವನಿಗೆ ಕಿವಿ ಸ್ವಲ್ಪ ಮಂದ, ಅದಕ್ಕೇ ನಾನೇ ಅವಳ ಫೋನಿನ ಸದ್ದು ಪೂರ್ತಿ ಏರಿಸಿ, ಡೊಳ್ಳು ಬಾರಿಸುವ ರಿಂಗ್‌ಟೋನ್ ಹಾಕಿಕೊಟ್ಟಿದ್ದೆ. ಆ ಫೋನು ಇರುತ್ತಿದ್ದದ್ದು ಎಲ್ಲಿ? ಅವ್ವನ ತೊಡೆಯ ಪಕ್ಕ, ಕೌದಿಯ ಮಡಿಕೆಯಲ್ಲಿ, ರಂಗಿಯ ಹೊಟ್ಟೆಯ ಕೆಳಗೆ. ಡೊಳ್ಳು ಬಡಿದದ್ದೇ ತಡ, ಬೆಕ್ಕು ಒಂದು ಮೊಳ ಮೇಲೆ ಹಾರಿ, ಅವ್ವನ ಕೈ ಮೇಲೆ ಕಾಲೂರಿ ಜಿಗಿದು ಜೋಳದ ಚೀಲದ ಹಿಂದೆ ಮಾಯ.

ದಿನಾ ರಾತ್ರಿ ಒಂಬತ್ತಕ್ಕೆ ಆಗುತ್ತಿದ್ದದ್ದು ಇದೇ. ಪರಚಿದ್ದು ರಂಗಿ ನಿಜ, ಪರಚಿಸಿದವನು ನಾನು.

ಅವತ್ತು ಅವ್ವನಿಗೆ ಕೇಳಿದೆ, "ಇದು ನಿನಗ ಗೊತ್ತಿತ್ತೇನವ್ವಾ?"

"ಗೊತ್ತಿಲ್ದ ಏನು? ಫೋನ ಮಾಡಬ್ಯಾಡ ಅಂತ ನಿನಗ ಹ್ಯಾಂಗ ಹೇಳ್ಲಿ?" ಅಂದಳು.

ನನಗೆ ಮಾತು ಹೊರಡಲಿಲ್ಲ. ಬೆಕ್ಕನ್ನೂ ಬಿಡಲಾರದೆ, ಮಗನ ಫೋನನ್ನೂ ಬಿಡಲಾರದೆ ಕೈ ಕೊಟ್ಟು ಕುಂತಿದ್ದಳು ನಮ್ಮವ್ವ.

ಮೊದಲು ಫೋನಿನ ಕೆಲಸ ಮಾಡಿದೆ. ಡೊಳ್ಳು ತೆಗೆದು, ಮೆಲ್ಲಗೆ ಶುರುವಾಗಿ ಏರುವ ರಿಂಗ್‌ಟೋನ್ ಹಾಕಿದೆ. ಫೋನಿಗೆ ಗೋಡೆಯ ಗೂಡಿನಲ್ಲಿ ಜಾಗ ಮಾಡಿದೆ. ಸದ್ದು ಕೇಳದಿದ್ದರೂ ಬೆಳಕು ಮಿಣಮಿಣ ಅನ್ನುವ ಹಾಗೆ ಸೆಟ್ಟಿಂಗ್ ಬದಲಿಸಿದೆ. ಐದು ನಿಮಿಷದ ಕೆಲಸ!

ಇನ್ನು ನಾದುವುದು. ಚುಕ್ಕಿ ಗಾಯವೂ ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದಲ್ಲ. ಉಗುರಿನ ತುದಿ ತೆಗೆಯಬೇಕು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಕೇಳುತ್ತಾರಲ್ಲ, ಗಂಟೆ ಸುಲಭ ಕಣ್ರೀ, ಉಗುರು ಕತ್ತರಿಸುವವರು ಯಾರು ಅಂತ ಕೇಳಿ! ಮೊದಲ ಸಲ ನಾನು ಶೂರನ ಹಾಗೆ ಹಿಡಿದುಕೊಂಡೆ. ಎಡಗೈಗೆ ಮೂರು ಗೀರು ಬಿದ್ದವು (ಮತ್ತೆ 15 ನಿಮಿಷ ನಳದ ಕೆಳಗೆ, ಮತ್ತೆ ದವಾಖಾನೆ, ಈ ಸಲ ನನಗೆ). ಅವ್ವ ನಕ್ಕು ನಕ್ಕು ಸುಸ್ತಾದಳು. ಆಮೇಲೆ ಅವಳೇ ದಾರಿ ತೋರಿಸಿದಳು. ಹೊಟ್ಟೆ ತುಂಬಾ ಹಾಲು ರೊಟ್ಟಿ ತಿಂದು ಬಿಸಿಲಿಗೆ ಮಲಗಿದಾಗ, ಟವೆಲ್ ಸುತ್ತಿ ಒಂದೇ ಕಾಲು ಹೊರಗಿಟ್ಟುಕೊಂಡು, ಒಂದು ದಿನಕ್ಕೆ ಎರಡೇ ಉಗುರು. ಬೆರಳನ್ನು ಮೇಲೆ ಕೆಳಗೆ ಮೆತ್ತಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಬೆಳಕಿಗೆ ಹಿಡಿದರೆ ಬುಡದಲ್ಲಿ ಗುಲಾಬಿ ಬಣ್ಣ ಕಾಣುತ್ತದೆ, ಅಲ್ಲಿ ರಕ್ತನಾಳ, ನರ ಎರಡೂ ಇವೆ, ಅದನ್ನು ಮುಟ್ಟಬಾರದು. ಬಿಳಿ ತುದಿ ಮಾತ್ರ. ಬೆಕ್ಕಿಗೆ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಹಿಂಗಾಲಿನವನ್ನು ನಾವು ಮುಟ್ಟಲೇ ಇಲ್ಲ. ನಾಯಿ ಬೆನ್ನು ಹತ್ತಿದರೆ ಮಾಳಿಗೆ ಏರಬೇಕಲ್ಲ ಪಾಪ.

ತೊಡೆಯ ಮೇಲೆ ಹಾಕಲು ಅವ್ವ ಹಳೆ ಗೋಣಿತಟ್ಟಿನ ಮೇಲೆ ಬಟ್ಟೆ ಹೊಲಿದು ಒಂದು ದಪ್ಪ ಮೆತ್ತೆ ಮಾಡಿದಳು. ಇಲ್ಲಿ ಒಂದು ತೊಂದರೆ ಬಂತು. ರಂಗಿ ಅದನ್ನು ಮೂಸಿ ನೋಡಿ ಕೌದಿಗೇ ವಾಪಸ್ ಹೋದಳು. ಆ ಕೌದಿ ಬಗ್ಗೆ ಹೇಳಲೇಬೇಕು. ಅವ್ವನ ಹಳೆಯ ಇಳಕಲ್ಲ ಸೀರೆ, ನಮ್ಮ ಶಾಲೆಯ ಖಾಕಿ ಚಡ್ಡಿ, ಅಕ್ಕನ ಪರಕಾರ, ನಟ್ಟ ನಡುವೆ ಅಪ್ಪನ ಧೋತರದ ಬಿಳಿ ಚೌಕ. ಅಪ್ಪ ಹೋದ ಮೇಲೆ ಆರು ತಿಂಗಳು ಕೂತು ಹೊಲಿದದ್ದು. ಅದರ ಮೇಲೆ ನಮ್ಮನ್ನೂ ಕಾಲಿಡಲು ಬಿಡುವುದಿಲ್ಲ. ಅಂಥದರಲ್ಲಿ ಈ ಬೆಕ್ಕು ನಾದಿ ನಾದಿ ದಾರ ಎಬ್ಬಿಸಿದೆ, ಅದೂ ಅದೇ ಬಿಳಿ ಚೌಕದಲ್ಲಿ!

"ಇದನ್ನರ ಟ್ರಂಕಿನ್ಯಾಗ ಇಡಬಾರದೇನವ್ವಾ, ಹರಿದು ಹೋಗತೈತಲ್ಲ?"

"ಟ್ರಂಕಿನ್ಯಾಗ ಇಟ್ಟು ಏನ್ ಮಾಡ್ಲಿ? ಇಲಿ ತಿಂದ್ರ ಏನ್ ಮಾಡ್ತಿ? ಹರದ್ರ ಮತ್ತ ಹೊಲಿತೀನಿ. ರಾತ್ರ್ಯಾಗ ಅಲ್ಲೊಂದು ಜೀವಾ ಮಲಗತೈತಿ, ಅಷ್ಟ ಸಾಕು."

ಕೊನೆಗೆ ಮೆತ್ತೆಯನ್ನೇ ಎರಡು ರಾತ್ರಿ ಕೌದಿಯೊಳಗೆ ಸುತ್ತಿಟ್ಟೆವು. ಅದರ ವಾಸನೆ ಹತ್ತಿದ ಮೇಲೆ ರಂಗಿ ಒಪ್ಪಿಕೊಂಡಳು. ಉಗುರು ನಾಟಿದಾಗ ಬಡಿಯುವುದು, ತಳ್ಳುವುದು ಮಾಡಬಾರದು, ಸೆಳೆದುಕೊಂಡಷ್ಟೂ ಕೊಕ್ಕೆ ಸಿಗುತ್ತದೆ. ಕೈ ಅಲ್ಲಾಡಿಸದೆ, ಅದರ ಪಾದವನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ ಉಗುರು ತಾನಾಗಿ ಬಿಡುತ್ತದೆ. ಇದನ್ನೂ ಅವ್ವ ಕಲಿತಳು.

ಉಳಿದದ್ದು ಕಂಬ. ಅಪ್ಪ ಅಟ್ಟದಲ್ಲಿ ಇಟ್ಟಿದ್ದ ಪುಂಡಿನಾರಿನ ಹಗ್ಗದ ಸಿಂಬಿ ನೆನಪಾಯಿತು. ಈಗ ಎಲ್ಲರೂ ಪ್ಲಾಸ್ಟಿಕ್ ಹಗ್ಗ ತರುತ್ತಾರೆ, ಪುಂಡಿನಾರು ಯಾರಿಗೂ ಬೇಡ. ಹಿತ್ತಲಲ್ಲಿದ್ದ ಜಾಲಿಯ ತುಂಡಿಗೆ ಅದನ್ನು ಬಿಗಿಯಾಗಿ ಸುತ್ತಿದೆ. ಎತ್ತರ ಮೂರು ಅಡಿ, ಬೆಕ್ಕು ಪೂರ್ತಿ ಮೈ ಚಾಚುವಷ್ಟು ಇರಬೇಕು. ಅಲ್ಲಾಡಿದರೆ ಮತ್ತೆ ಹತ್ತಿರ ಬರುವುದಿಲ್ಲ, ಹಾಗಾಗಿ ಬುಡವನ್ನು ಡಬ್ಬಿಯಲ್ಲಿಟ್ಟು ಕಲ್ಲು ಮಣ್ಣು ತುಂಬಿದೆ. ಬೆಕ್ಕು ಕೆರೆಯುವುದು ನಿದ್ದೆಯಿಂದ ಎದ್ದ ಕೂಡಲೇ, ಆದ್ದರಿಂದ ಮೂಲೆಯಲ್ಲಿಡದೆ ಅದು ಮಲಗುವ ಜಾಗದ ಪಕ್ಕದಲ್ಲೇ ಇಟ್ಟೆ. ಹಿತ್ತಲಲ್ಲಿ ತಾನಾಗಿ ಬೆಳೆಯುವ ಕುಪ್ಪಿಗಿಡದ ಬೇರು ಕಂಡರೆ ಬೆಕ್ಕುಗಳಿಗೆ ಹುಚ್ಚು, ಅದನ್ನು ಹಗ್ಗಕ್ಕೆ ತಿಕ್ಕಿದೆ. ಬೇವಿನ ಕಂಬಕ್ಕೆ ಕೆಲವು ದಿನ ನುಣುಪಾದ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ಎರಡು ದಿನ ರಂಗಿ ಎರಡನ್ನೂ ನೋಡಿ ಮುಖ ತಿರುಗಿಸಿದಳು. ಮೂರನೇ ದಿನ ಬೆಳಗ್ಗೆ ಪರ್ ಪರ್ ಸದ್ದು ಕೇಳಿ ಎದ್ದು ಬಂದರೆ, ಪುಂಡಿನಾರಿನ ಮೇಲೆ!

ಈ ನಡುವೆ ಅಮೆರಿಕದಲ್ಲಿರುವ ಗೆಳೆಯನೊಬ್ಬನಿಗೆ ಇದೆಲ್ಲ ಹೇಳಿದರೆ "ಅಷ್ಟೆಲ್ಲ ಯಾಕೋ, ಇಲ್ಲಿ ಆಪರೇಷನ್ ಮಾಡಿ ಉಗುರೇ ತೆಗೆಸಿಬಿಡ್ತಾರೆ" ಅಂದ. ಅದೇನು ಅಂತ ಓದಿದೆ. ಉಗುರು ಮಾತ್ರ ತೆಗೆಯಲು ಬರುವುದಿಲ್ಲ, ಅದು ಎಲುಬಿನಿಂದಲೇ ಹುಟ್ಟುವುದರಿಂದ ಪ್ರತಿ ಬೆರಳಿನ ತುದಿಯ ಎಲುಬನ್ನೇ ಕತ್ತರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬೆರಳಿನ ಮೊದಲ ಗೆಣ್ಣು. ಆಮೇಲೆ ನಡೆದರೂ ನೋವಾಗಬಹುದು, ಉಗುರಿಲ್ಲದ ಬೆಕ್ಕು ಕಚ್ಚಲು ಶುರು ಮಾಡಬಹುದು. ಅದಕ್ಕೇ ನ್ಯೂಯಾರ್ಕ್ ರಾಜ್ಯ 2019ರಲ್ಲೇ ಇದನ್ನು ನಿಷೇಧಿಸಿತು. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಪ್ರಾಣಿಯ ಅಂಗ ಊನ ಮಾಡುವುದು ಅಪರಾಧ.

ಆ ರಾತ್ರಿ ನನಗೆ ಅನಿಸಿದ್ದು ಇಷ್ಟು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ, ಆ ಸುದ್ದಿ 2004ರಲ್ಲಿ ಬಂದಿತ್ತು. ಮನುಷ್ಯ ಕಾಳು ಕೂಡಿಟ್ಟ, ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು ಅನ್ನುತ್ತಾರೆ. ನಮ್ಮ ಪಡಸಾಲೆಯಲ್ಲಿ ನಡೆದದ್ದೂ ಅದೇ ಕತೆ. ಉಗುರು ಇದೆ ಅಂತಲೇ ರಂಗಿಯನ್ನು ತಂದೆವು. ಇಲಿ ಮುಗಿದ ಮೇಲೆ ಉಗುರು ಯಾಕಿದೆ ಅಂತ ಚೀಲ ಹಿಡಿದು ನಿಂತೆವು.

ಹತ್ತನೇ ದಿನ ರಂಗಿ ಗಟ್ಟಿಮುಟ್ಟಾಗಿ ಹಾಲಿಗೆ ಕೂಗುತ್ತಿದ್ದಳು. ಒಂದು ಬುಟ್ಟಿಯಲ್ಲಿ ಹಾಕಿ, ಮೇಲೆ ಬಟ್ಟೆ ಕಟ್ಟಿ, ಪಶು ಆಸ್ಪತ್ರೆಗೆ ಒಯ್ದು ರೇಬಿಸ್ ಲಸಿಕೆ ಹಾಕಿಸಿಕೊಂಡು ಬಂದೆವು. ಪ್ರತಿ ವರ್ಷ ಹಾಕಿಸಬೇಕು, ಮರೆಯಬಾರದು ಅಂತ ಅವ್ವ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದಾಳೆ, ಸಕ್ಕರೆ ಗುಳಿಗೆಯ ಲೆಕ್ಕದ ಪಕ್ಕದಲ್ಲಿ. ಅವ್ವ ತನ್ನ 28ನೇ ದಿನದ ಇಂಜೆಕ್ಷನ್ನಿಗೆ ಕಾಕಾನ ಜೊತೆ ಹೋಗಿ ಬಂದಳು. ಅದೇ ಕಾಕಾ! ಅವನ ಗೋಣಿಚೀಲ ಈಗ ಜಾಲಿ ಕಂಬದ ಬುಡದ ಡಬ್ಬಿಗೆ ಸುತ್ತಿಕೊಂಡಿದೆ, ರಂಗಿ ಅದನ್ನೂ ಕೆರೆಯುತ್ತಾಳೆ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ತೆಗೆಯಬೇಕು, ಅವ್ವ ಒಮ್ಮೊಮ್ಮೆ ಮರೆಯುತ್ತಾಳೆ. ಟಿಪಾಯಿಯ ಕಾಲು ಹಾಳಾಗಿದೆ. ಕೌದಿಯ ಬಿಳಿ ಚೌಕಕ್ಕೆ ಎರಡು ಸಲ ಹೊಸ ದಾರ ಬಿದ್ದಿದೆ. ಆದರೆ ಉದ್ದ ಗೀರು ಆಮೇಲೆ ಒಂದೂ ಆಗಿಲ್ಲ, ಹಳೆಯ ಗಾಯ ಮಾಯಲು ಮಾತ್ರ ಒಂದೂವರೆ ತಿಂಗಳು ಹಿಡಿಯಿತು.

ಫೋನು ಈಗಲೂ ಒಂಬತ್ತಕ್ಕೇ. ಗೂಡಿನ ತನಕ ಎದ್ದು ಬರಬೇಕಲ್ಲ, ಎತ್ತಲು ಸ್ವಲ್ಪ ತಡವಾಗುತ್ತದೆ, ಮೊದಲಿನ ಹಾಗೆ ನಾನು ಗಾಬರಿಯಾಗುವುದಿಲ್ಲ. ವಾಪಸ್ ಬಂದು ಕುಂತ ಮೇಲೆ ಅವ್ವ ಸ್ಪೀಕರ್ ಹಾಕುತ್ತಾಳೆ. ಮಾತು ಮುಗಿದು ಇಬ್ಬರೂ ಸುಮ್ಮನಾದಾಗ ಗುರ್ ಗುರ್ ಅಂತ ಕೇಳುತ್ತದೆ.

"ನಾದಾಕತ್ತೇತೇನವ್ವಾ?"

"ಹೂಂ. ಹಿಟ್ಟ ಹದಕ್ಕ ಬಂದೈತಿ" ಅಂತಾಳೆ.

ನಿಮ್ಮ ಮನೆಯ ಬೆಕ್ಕು ಎಲ್ಲಿ ನಾದುತ್ತದೆ? ಒಮ್ಮೆ ಅದರ ಪಕ್ಕದಲ್ಲಿ ನಿಮ್ಮ ಫೋನ್ ಇದೆಯಾ ನೋಡಿ ಮಾರಾಯ್ರೆ.